ಅಪ್, ಆಫ್, ಗೆಟ್, ಬೈ: ಇಂಗ್ಲಿಷಿನ ಚಿಕ್ಕ ಪದಗಳನ್ನು ಪಳಗಿಸುವ ಕ್ರಮ

ಗೋಕರ್ಣದಲ್ಲಿ ಹೋಂಸ್ಟೇ ಇಟ್ಟಿರುವ ಒಬ್ಬರು ನನ್ನ ಸಂಜೆ ಕ್ಲಾಸಿಗೆ ಬರುತ್ತಾರೆ. ಡಿಸೆಂಬರಿನಲ್ಲಿ ಅವರಿಗೆ ಒಂದು ಮೆಸೇಜ್ ಬಂತು: 'ಕ್ಯಾನ್ ವಿ ಪುಟ್ ಇಟ್ ಆಫ್ ಟಿಲ್ ಸಂಡೇ?' ಶುಕ್ರವಾರ ಬರಬೇಕಿದ್ದ ವಿದೇಶಿ ಗಂಡ ಹೆಂಡತಿ ಕಳಿಸಿದ್ದು. ಇವರು 'ಆಫ್' ನೋಡಿದರು, ಬುಕಿಂಗ್ ಕ್ಯಾನ್ಸಲ್ ಅಂದುಕೊಂಡರು, 'ಓಕೆ' ಅಂತ ಉತ್ತರ ಹಾಕಿದರು, ರೂಮನ್ನು ಹುಬ್ಬಳ್ಳಿಯಿಂದ ಬಂದ ಕುಟುಂಬಕ್ಕೆ ಕೊಟ್ಟುಬಿಟ್ಟರು. ಭಾನುವಾರ ಸಂಜೆ ಆ ಇಬ್ಬರೂ ಬ್ಯಾಗ್ ಹೊತ್ತು ಬಾಗಿಲಲ್ಲಿ ಹಾಜರ್. 'ಅಕ್ಕೋರೇ, ಆಫ್ ಅಂದ್ರೆ ಬಂದ್ ಮಾಡೋದಲ್ವಾ?' ಅಂತ ಮರುದಿನ ನನ್ನನ್ನು ಕೇಳಿದರು.

ಫ್ಯಾನಿಗಾದರೆ ಹೌದು. 'ಪುಟ್' ಜೊತೆ ಸೇರಿದರೆ ಮುಂದೂಡೋದು.

ಕುಮಟಾ, ಶಿರಸಿ, ಕಾರವಾರ ಎಲ್ಲಿಂದ ಬಂದವರಾದರೂ ನನ್ನ ಕ್ಲಾಸಿನಲ್ಲಿ ಎಡವುವುದು ಇದೇ ಜಾಗದಲ್ಲಿ. 'ಅಕಾಮಡೇಶನ್', 'ರೆಸ್ಪಾನ್ಸಿಬಿಲಿಟಿ' ಎಲ್ಲರಿಗೂ ಗೊತ್ತು. ಎರಡು ಮೂರು ಅಕ್ಷರದ ಪದ ಬಂದಾಗ ಕಾಲು ಜಾರುತ್ತದೆ. ಹತ್ತು ಸಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ, ಹಾರಿಸಿದವರು ಮತ್ತೆ ಒಂದನೇ ಹಂತಕ್ಕೇ ಬಂದಿದ್ದಾರೆ.

## ಬೇಕಾಗುವ ಸಾಮಾನು

ಒಂದು ನೂರು ಪುಟದ ನೋಟ್‌ಬುಕ್. ಒಂದು ಪೆನ್ಸಿಲ್, ಯಾಕೆಂದರೆ ಬರೆದ ಅರ್ಥವನ್ನು ಅಳಿಸಿ ತಿದ್ದುವುದು ಇದ್ದೇ ಇದೆ. ಫೋನಿನಲ್ಲಿ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟು: ಆಕ್ಸ್‌ಫರ್ಡ್ ಲರ್ನರ್ಸ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಯಾವುದಾದರೂ ಒಂದು ಸಾಕು. ಇವುಗಳಲ್ಲಿ ಅರ್ಥದ ಜೊತೆ ಪೂರ್ತಿ ವಾಕ್ಯ ಕೊಟ್ಟಿರುತ್ತಾರೆ, ನಮಗೆ ಬೇಕಾದದ್ದು ಆ ವಾಕ್ಯ.

ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಕೊಡುವ ಕಿಸೆ ನಿಘಂಟನ್ನು ಈ ಕೆಲಸ ಮುಗಿಯುವ ತನಕ ಕಪಾಟಿನಲ್ಲಿಡಿ. 'ಅಪ್: ಮೇಲೆ' ಅಂತ ಅದರಲ್ಲಿ ಓದಿಕೊಂಡೇ ಇಷ್ಟು ದಿನ ಕೆಟ್ಟದ್ದು.

## ಹಂತ 1: ಮೊದಲು ಕನ್ನಡದ 'ಹಾಕು' ನೆನಪಿಸಿಕೊಳ್ಳಿ

ಬಟ್ಟೆ ಹಾಕು. ಬಾಗಿಲು ಹಾಕು. ತೋಟಕ್ಕೆ ಗೊಬ್ಬರ ಹಾಕು. ಸಹಿ ಹಾಕು. ಗಾಳ ಹಾಕು. ಕೋಳಿ ಮೊಟ್ಟೆ ಹಾಕಿತು. ಇದನ್ನೆಲ್ಲ ಹೊರಗಿನವರಿಗೆ ವಿವರಿಸಲು ಹೊರಟರೆ ಆರು ಬೇರೆ ಬೇರೆ ಪದ ಬೇಕು. ಆದರೆ 'ಹಾಕು' ಪದದ ಅರ್ಥಗಳ ಪಟ್ಟಿಯನ್ನು ನಾವು ಯಾರೂ ಬಾಯಿಪಾಠ ಮಾಡಲಿಲ್ಲ. ಪಕ್ಕದಲ್ಲಿ ಯಾವ ಪದ ಇದೆ ಅಂತ ನೋಡಿ ಅರ್ಥ ಮಾಡಿಕೊಂಡೆವು, ಅಷ್ಟೇ.

ಇನ್ನೂ ಸ್ವಲ್ಪ ಮುಂದೆ ಹೋಗಿ. 'ತಿಂದು ಹಾಕಿದ' ಅಂದಾಗ ಅವನು ಏನನ್ನೂ ಎಲ್ಲೂ ಹಾಕಲಿಲ್ಲ. 'ಕುಡಿದುಬಿಟ್ಟ' ಅಂದರೆ ಕುಡಿಯುವುದನ್ನು ಬಿಟ್ಟ ಅಂತಲ್ಲ, ತದ್ವಿರುದ್ಧ. 'ಲೆಕ್ಕ ಹೇಳಿಕೊಟ್ಟರು' ಎಂಬಲ್ಲಿ ಕೈಯಿಂದ ಕೈಗೆ ಏನೂ ದಾಟಲಿಲ್ಲ. ಮುಖ್ಯ ಕೆಲಸದ ಬಾಲಕ್ಕೆ ಒಂದು ಚಿಕ್ಕ ಪದ ಅಂಟಿಕೊಂಡು ಪೂರ್ತಿ ಆಯಿತು, ಬೇರೆಯವರಿಗಾಗಿ ಆಯಿತು ಅಂತೆಲ್ಲ ಬಣ್ಣ ಕೊಡುತ್ತದೆ. ಇಂಗ್ಲಿಷಿನಲ್ಲಿ ಅಪ್, ಆಫ್, ಔಟ್, ಡೌನ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಹಾಕು', 'ಬಿಡು', 'ಹಿಡಿ' ಇವುಗಳ ಹತ್ತು ಹತ್ತು ಬಳಕೆ ಬರೆಯಿರಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಬರೆಯಿರಿ. ಇದು ಆದವರಿಗೆ ಮುಂದಿನ ಹಂತ ಅರ್ಧ ಹಗುರ.

## ಹಂತ 2: ವಾರಕ್ಕೆ ಒಂದು ಪದ, ಹತ್ತು ವಾಕ್ಯ

ಎಲ್ಲ ಪದಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಾನು ಹೇಳುವ ಸರದಿ: ಬೈ, ಟಿಲ್, ಆಫ್, ಅಪ್, ಔಟ್, ಗೆಟ್, ಆಮೇಲೆ ಆನ್ ಮತ್ತು ಓವರ್. 'ರನ್', 'ಸೆಟ್' ಇವೆರಡನ್ನು ಕೊನೆಗೆ ಬಿಡಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನಲ್ಲಿ 'ರನ್' ಕ್ರಿಯಾಪದ ಒಂದಕ್ಕೇ 600ಕ್ಕೂ ಜಾಸ್ತಿ ಅರ್ಥಗಳಿವೆ, ಅಲ್ಲಿಂದ ಶುರು ಮಾಡಿದವರು ಎರಡನೇ ವಾರ ಕ್ಲಾಸಿಗೇ ಬರುವುದಿಲ್ಲ.

ವಾಕ್ಯಗಳನ್ನು ನಿಮ್ಮ ಸುತ್ತಲಿನಿಂದಲೇ ಎತ್ತಿಕೊಳ್ಳಿ. ಆಫೀಸಿನ ಮೇಲ್, ಅತಿಥಿಗಳ ಮೆಸೇಜ್, ಕುಮಟಾ ಸ್ಟೇಶನ್ನಿನ ಅನೌನ್ಸ್‌ಮೆಂಟ್, ಫೋನಿನ ಪರದೆ ಮೇಲಿನ 'ಲಾಗ್ ಔಟ್', 'ಬ್ಯಾಕ್ ಅಪ್', 'ಸೈನ್ ಇನ್'. ಕ್ರಿಕೆಟ್ ಕಾಮೆಂಟರಿ ಕೂಡ ಸೈ, ಆದರೆ ಹುಷಾರು. 'ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್' ಅಂತ ಅಂಗಡಿಯವನು ಬರೆದರೆ ಅಲ್ಲಿ ಯಾರೂ ವಿಕೆಟ್ ಬೀಳಿಸಿಲ್ಲ, ಹಾಲು ಖಾಲಿಯಾಗಿದೆ.

ಪದ ಮಾತ್ರ ಬರೆಯಬೇಡಿ. ಪೂರ್ತಿ ವಾಕ್ಯ, ಅದನ್ನು ಯಾರು ಯಾರಿಗೆ ಹೇಳಿದ್ದು, ಆಮೇಲೆ ಏನಾಯಿತು, ಮೂರೂ ಬೇಕು. ಅರ್ಥದ ಜಾಗ ಸದ್ಯಕ್ಕೆ ಖಾಲಿ ಇರಲಿ.

## ಹಂತ 3: ಪದದ ಹಿಂದಿನ ಚಿತ್ರ ಹುಡುಕಿ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಹತ್ತು ವಾಕ್ಯ ಆದ ಮೇಲೆ ಒಂದರ ಕೆಳಗೆ ಒಂದು ಇಟ್ಟು ನೋಡಿ, ಎಲ್ಲದರಲ್ಲೂ ಒಂದೇ ಚಲನೆ ಕಾಣುತ್ತದಾ ಅಂತ.

'ಆಫ್' ತೆಗೆದುಕೊಳ್ಳಿ. ಅಂಗಿ ಟೇಕ್ ಆಫ್ ಮಾಡಿದರೆ ಮೈಯಿಂದ ಕಳಚಿತು. ವಿಮಾನ ಟೇಕ್ ಆಫ್ ಆದರೆ ನೆಲ ಬಿಟ್ಟಿತು. ಶಿರಸಿ ಬಸ್ಸಿನಿಂದ ಗೆಟ್ ಆಫ್ ಆದರೆ ಇಳಿದಿರಿ. ಬೈತಖೋಲ ಬಂದರಿನಿಂದ ದೋಣಿ ಸೆಟ್ ಆಫ್ ಆದರೆ ದಡ ಬಿಟ್ಟು ಹೊರಟಿತು. ಡೇ ಆಫ್ ಅಂದರೆ ಕೆಲಸದಿಂದ ಬಿಡುಗಡೆ ಸಿಕ್ಕ ದಿನ, ಟೆನ್ ಪರ್ಸೆಂಟ್ ಆಫ್ ಅಂದರೆ ಬೆಲೆಯಿಂದ ಕಳಚಿದ ಪಾಲು. ಅಂಟಿದ್ದು ಬಿಟ್ಟುಕೊಳ್ಳುವುದು, ಇದೇ ಚಿತ್ರ. ಸ್ವಿಚ್ ಆಫ್ ಕೂಡ ಕರೆಂಟಿನ ಸಂಬಂಧ ಬಿಡಿಸಿದ್ದೇ ತಾನೇ.

ಈಗ ತಿರುಗಿಬೀಳುವ ಉದಾಹರಣೆ. 'ದ ಲೈಟ್ ವೆಂಟ್ ಆಫ್' ಅಂದರೆ ದೀಪ ಹೋಯಿತು. 'ದ ಅಲಾರಂ ವೆಂಟ್ ಆಫ್' ಅಂದರೆ ಅಲಾರಂ ಹೊಡೆದುಕೊಂಡಿತು! 'ದ ಮಿಲ್ಕ್ ಹ್ಯಾಸ್ ಗಾನ್ ಆಫ್' ಅಂದರೆ ಬ್ರಿಟನ್ನಿನ ಕಡೆಯವರ ಮಾತಿನಲ್ಲಿ ಹಾಲು ಕೆಟ್ಟಿತು. ಮೂರೂ ಕಡೆ ಅದೇ 'ವೆಂಟ್', 'ಗಾನ್', ಅದೇ 'ಆಫ್'. ಬಿಲ್ಲಿನಿಂದ ಬಾಣ ಬಿಟ್ಟ ಹಾಗೆ ಅಲಾರಂ ತಡೆಯಿಂದ ಬಿಟ್ಟುಕೊಂಡಿತು, ಹಾಲು ತನ್ನ ಸರಿಯಾದ ಸ್ಥಿತಿ ಬಿಟ್ಟಿತು ಅಂತ ಊಹಿಸಿಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

'ಔಟ್' ಇದಕ್ಕಿಂತ ತಮಾಷೆ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ರಾತ್ರಿ ಕರೆಂಟ್ ಹೋಯಿತು ಅನ್ನಿ. 'ದ ಲೈಟ್ಸ್ ಆರ್ ಔಟ್', ದೀಪ ಕಾಣುತ್ತಿಲ್ಲ. 'ದ ಸ್ಟಾರ್ಸ್ ಆರ್ ಔಟ್', ನಕ್ಷತ್ರ ಕಾಣುತ್ತಿದೆ. ದೀಪ ಆರಿ ಹೋಗುವುದೂ ಔಟ್, ನಕ್ಷತ್ರ ಮರೆಯಿಂದ ಈಚೆ ಬರುವುದೂ ಔಟ್. ಯಾವುದರಿಂದ ಹೊರಗೆ ಅಂತ ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ.

'ಅಪ್' ಬಹಳ ಕಡೆ ನಮ್ಮ 'ಬಿಡು', 'ಹಾಕು' ಇದ್ದ ಹಾಗೆ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ಟೈಮ್ ಈಸ್ ಅಪ್. ಕೊಡದಲ್ಲಿ ನೀರು ಮೇಲೇರಿ ಕಂಠಮಟ್ಟ ಬಂದರೆ ಕೆಲಸ ಪೂರ್ತಿ, ಹಾಗೆ.

ಈ ಹಂತದ ತಪ್ಪು ಒಂದೇ: ಚಿತ್ರವನ್ನು ಅತಿಯಾಗಿ ನಂಬುವುದು. 'ಹಿ ಟರ್ನ್ಡ್ ಅಪ್ ಲೇಟ್' ಅಂದರೆ ತಡವಾಗಿ ಬಂದ. 'ಹಿ ಮೇಡ್ ಇಟ್ ಅಪ್' ಅಂದರೆ ಕಟ್ಟುಕತೆ ಹೇಳಿದ. ಅರ್ಜಿ ತುಂಬುವುದಕ್ಕೆ ಫಿಲ್ ಇನ್ ಅಂತಲೂ ಹೇಳುತ್ತಾರೆ, ಫಿಲ್ ಔಟ್ ಅಂತಲೂ ಹೇಳುತ್ತಾರೆ, ಎರಡೂ ಒಂದೇ. ಚಿತ್ರ ಬರೀ ನೆನಪಿನ ಗೂಟ. ಖಾತ್ರಿ ಬೇಕಾದರೆ ಮುಂದಿನ ಹಂತಕ್ಕೆ ಬನ್ನಿ.

## ಹಂತ 4: ಜೋಡಿಯಾಗಿ ಹುಡುಕಿ

ಈಗ ನಿಘಂಟು ತೆರೆಯಿರಿ. 'ಆಫ್' ಅಂತ ಹುಡುಕಬೇಡಿ. 'ಪುಟ್ ಆಫ್' ಅಂತ ಪೂರ್ತಿ ಜೋಡಿ ಟೈಪ್ ಮಾಡಿ. ಸಿಕ್ಕ ಅರ್ಥಗಳಲ್ಲಿ ನಿಮ್ಮ ವಾಕ್ಯಕ್ಕೆ ಹೊಂದುವ ಒಂದನ್ನು ಮಾತ್ರ ಬರೆದುಕೊಳ್ಳಿ, ಉಳಿದದ್ದು ಇವತ್ತಿಗೆ ಬೇಡ.

ಕೆಲಸದ ಮೇಲ್‌ಗಳಲ್ಲಿ ದುಡ್ಡು ಕಳೆಯುವ ಜೋಡಿಗಳು ಇವು. ಪುಟ್ ಆಫ್: ಮುಂದೂಡು. ಕಾಲ್ ಆಫ್: ರದ್ದು ಮಾಡು. ಟರ್ನ್ ಡೌನ್: ಸೌಂಡಿಗಾದರೆ ಕಡಿಮೆ ಮಾಡು, ಆಫರಿಗಾದರೆ ಬೇಡ ಅನ್ನು. ಪುಟ್ ಅಪ್: ಅತಿಥಿಗಾದರೆ ಉಳಿಸಿಕೊಳ್ಳು, ಬೋರ್ಡಿಗಾದರೆ ಹಾಕು. ಪುಟ್ ಅಪ್ ವಿತ್: ಸಹಿಸಿಕೊಳ್ಳು. ಬಾಲದಲ್ಲಿ 'ವಿತ್' ಸೇರಿದ್ದೇ ತಡ, ಉಪಚಾರ ಹೋಗಿ ಸಹನೆ ಬಂತು ನೋಡಿ.

## ಹಂತ 5: ಯಾರು ಎಲ್ಲಿ ಕೂರಬೇಕು

'ಟರ್ನ್ ಆಫ್ ದ ಫ್ಯಾನ್' ಸರಿ. 'ಟರ್ನ್ ದ ಫ್ಯಾನ್ ಆಫ್' ಕೂಡ ಸರಿ. ಆದರೆ ಫ್ಯಾನ್ ಜಾಗದಲ್ಲಿ 'ಇಟ್' ಬಂದರೆ ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ತಪ್ಪು. ಇಟ್, ದೆಮ್, ಹಿಮ್, ಹರ್, ಮಿ, ಅಸ್ ಎಲ್ಲಕ್ಕೂ ಇದೇ.

ಎಲ್ಲ ಜೋಡಿಗಳೂ ಹೀಗೆ ಬಾಯಿ ಬಿಡುವುದಿಲ್ಲ. 'ಲುಕ್ ಆಫ್ಟರ್ ಹರ್' ಸರಿ, 'ಲುಕ್ ಹರ್ ಆಫ್ಟರ್' ಅಂದರೆ ಕೇಳಿದವರಿಗೆ ನಗು. ಬಿಡುತ್ತದೋ ಇಲ್ಲವೋ ಅಂತ ನಿಘಂಟೇ ಹೇಳುತ್ತದೆ. ತಲೆಬರಹ 'ಪುಟ್ ಸಮ್‌ಥಿಂಗ್ ಆಫ್' ಅಂತ ಇದ್ದರೆ ನಡುವೆ ಜಾಗ ಉಂಟು. 'ಲುಕ್ ಆಫ್ಟರ್ ಸಮ್‌ಬಡಿ' ಅಂತ ಕೊನೆಯಲ್ಲಿದ್ದರೆ ಇಲ್ಲ. ಇಷ್ಟು ನೋಡಿಕೊಂಡರೆ ಸಾಕು, ಇದಕ್ಕೆ ವ್ಯಾಕರಣ ಪುಸ್ತಕ ಬೇಡ.

## ಹಂತ 6: ದಿನ, ಗಂಟೆಯ ಪದಗಳು

ನನ್ನ ಅನುಭವದಲ್ಲಿ ಜಾಸ್ತಿ ನಷ್ಟ ಆಗುವುದು ಇಲ್ಲೇ. ನಾನೇ ಒಮ್ಮೆ ಅನುವಾದದ ಕೆಲಸ ಒಪ್ಪಿಕೊಂಡು 'ಐ ವಿಲ್ ಸೆಂಡ್ ಇಟ್ ಟಿಲ್ ಮಂಡೇ' ಅಂತ ಬರೆದಿದ್ದೆ. ಸೋಮವಾರದ ತನಕ ದಿನಾ ಕಳಿಸುತ್ತಲೇ ಇರುತ್ತೀರಾ ಅಂತ ಆ ಕಡೆಯಿಂದ ಕೇಳಿದರು. ಮರ್ಯಾದೆಯಿಂದಲೇ ಕೇಳಿದರು, ಆದರೂ ಕಿವಿ ಬಿಸಿಯಾಯಿತು.

ಬೈ ಮತ್ತು ಟಿಲ್: ನಾವು ಎರಡಕ್ಕೂ 'ಸೋಮವಾರದವರೆಗೆ' ಅಂದುಕೊಳ್ಳುತ್ತೇವೆ, ತಪ್ಪು ಅಲ್ಲೇ ಹುಟ್ಟುತ್ತದೆ. 'ಒಳಗೆ' ಹೊಂದಿದರೆ ಬೈ, 'ತನಕ' ಹೊಂದಿದರೆ ಟಿಲ್. ಸೋಮವಾರದೊಳಗೆ ಕಳಿಸುತ್ತೇನೆ, ಬೈ. ಸೋಮವಾರದ ತನಕ ರಜೆಯಲ್ಲಿರುತ್ತೇನೆ, ಟಿಲ್. ಒಮ್ಮೆ ಆಗಿ ಮುಗಿಯುವ ಕೆಲಸಕ್ಕೆ ಬೈ, ಎಳೆದುಕೊಂಡು ಹೋಗುವ ಸ್ಥಿತಿಗೆ ಟಿಲ್.

ಇದರಲ್ಲಿ ಇನ್ನೊಂದು ಕಳ್ಳಬಾಗಿಲು ಇದೆ. 'ಆನ್ ಲೀವ್ ಟಿಲ್ ಮಂಡೇ' ಅಂದರೆ ಸೋಮವಾರ ಬರುತ್ತೀರೋ ಮಂಗಳವಾರವೋ? ಇಂಗ್ಲಿಷಿನವರಿಗೂ ಖಾತ್ರಿ ಇರುವುದಿಲ್ಲ. 'ಬ್ಯಾಕ್ ಆನ್ ಟ್ಯೂಸ್‌ಡೇ' ಅಂತ ಸೇರಿಸಿಬಿಡಿ.

ಸಿನ್ಸ್ ಮತ್ತು ಫಾರ್: ಮೂರು ವರ್ಷದಿಂದ, 2019ರಿಂದ. ಕನ್ನಡದಲ್ಲಿ ಎರಡಕ್ಕೂ 'ಇಂದ'. ಇಂಗ್ಲಿಷಿನಲ್ಲಿ ಅಳತೆ ಇದ್ದರೆ ಫಾರ್, ಶುರುವಾದ ಬಿಂದು ಇದ್ದರೆ ಸಿನ್ಸ್. ಫಾರ್ ತ್ರೀ ಇಯರ್ಸ್, ಸಿನ್ಸ್ 2019. 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಎಂಬ ವಾಕ್ಯದಲ್ಲಿ ಎರಡು ತಪ್ಪಿದೆ. 'ಆಮ್' ಜಾಗಕ್ಕೆ 'ಹ್ಯಾವ್ ಬೀನ್' ಕೂಡ ಬರಬೇಕು.

ಇನ್: 'ಐ ವಿಲ್ ಕಮ್ ಇನ್ ಆ್ಯನ್ ಅವರ್' ಅಂದರೆ ಇನ್ನು ಒಂದು ಗಂಟೆ ಬಿಟ್ಟು ಬರುತ್ತೇನೆ. ಒಂದು ಗಂಟೆಯೊಳಗೆ ಅಂತ ಹೇಳಬೇಕಾದರೆ 'ವಿದಿನ್'. ದೇವಿಮನೆ ಘಾಟಿನ ಆಚೆ ಇದ್ದವರಿಗೆ ಕಾರು ಕಳಿಸುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಆನ್ ಟೈಮ್, ಇನ್ ಟೈಮ್: ಹತ್ತು ಗಂಟೆಯ ಬಸ್ಸು ಹತ್ತಕ್ಕೇ ಹೊರಟರೆ ಆನ್ ಟೈಮ್. ಬಸ್ಸು ಬಿಡುವ ಮೊದಲು ನೀವು ಓಡಿ ಬಂದು ಹತ್ತಿದರೆ ಇನ್ ಟೈಮ್.

## ಹಂತ 7: 'ಗೆಟ್' ಬಂದರೆ ಮುಂದಿನ ಪದ ನೋಡಿ

ಜುಲೈ ತಿಂಗಳ ಒಂದು ದಿನ ಅಂದುಕೊಳ್ಳಿ. ಐ ಗಾಟ್ ದ ಲಾಸ್ಟ್ ಬಸ್, ಕೊನೇ ಬಸ್ಸು ಸಿಕ್ಕಿತು. ಐ ಗಾಟ್ ವೆಟ್, ಒದ್ದೆಯಾದೆ. ಐ ಗಾಟ್ ಹೋಮ್ ಅಟ್ ಟೆನ್, ಹತ್ತಕ್ಕೆ ಮನೆ ಮುಟ್ಟಿದೆ. ಐ ಗಾಟ್ ಎ ಕೋಲ್ಡ್, ಶೀತ ಆಯಿತು. ಐ ಗಾಟ್ ದ ರೂಫ್ ರಿಪೇರ್ಡ್, ಮನೆಯ ಛಾವಣಿ ರಿಪೇರಿ ಮಾಡಿಸಿದೆ. ಒಂದೇ ಪದ ಇಡೀ ಮಳೆಗಾಲ ದಾಟಿಸಿತು.

ಉಪಾಯ ಇಷ್ಟೇ. ಗೆಟ್ ಮುಂದೆ ವಸ್ತು ಬಂದರೆ 'ಸಿಗು' ಅಥವಾ 'ತರು'. ವೆಟ್, ಟಯರ್ಡ್, ಆಂಗ್ರಿ ತರಹದ ಪದ ಬಂದರೆ 'ಆಗು'. ಜಾಗ ಬಂದರೆ 'ತಲುಪು'. ವಸ್ತು ಬಂದು ಅದರ ಹಿಂದೆ ಆಗಿ ಮುಗಿದ ಕೆಲಸ ಬಂದರೆ ನಮ್ಮ 'ಇಸು': ಮಾಡಿಸು, ಹೊಲಿಸು, ಕಟ್ಟಿಸು. ಕ್ಷೌರದ ಅಂಗಡಿಗೆ ಹೋಗಿ ಬಂದು 'ಐ ಕಟ್ ಮೈ ಹೇರ್' ಅಂದರೆ ನೀವೇ ಕತ್ತರಿ ಹಿಡಿದ ಹಾಗೆ. 'ಐ ಗಾಟ್ ಮೈ ಹೇರ್ ಕಟ್' ಅನ್ನಿ.

'ಐ ಡೋಂಟ್ ಗೆಟ್ ಇಟ್' ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಬಗ್ಗುವುದಿಲ್ಲ. ನನಗೆ ಅರ್ಥ ಆಗಲಿಲ್ಲ ಅಂತ ಅದರ ಅರ್ಥ, ಸಿಗಲಿಲ್ಲ ಅಂದುಕೊಂಡು ಫೈಲನ್ನು ಮತ್ತೆ ಮೂರು ಸಲ ಕಳಿಸಿದವರಿದ್ದಾರೆ.

## ಹಂತ 8: ಕನ್ನಡದ 'ಏ', 'ಊ' ಬಾಲ ಕಳಚಿ

'ಇವತ್ತೇ ಬಂದೆ' ಅನ್ನುವುದು ಬಾಯಲ್ಲಿದ್ದರೆ ಇಂಗ್ಲಿಷಿನಲ್ಲಿ 'ಟುಡೇ ಓನ್ಲಿ ಐ ಕೇಮ್' ಆಗಿ ಹೊರಬರುತ್ತದೆ. ನಮ್ಮ ನಮ್ಮಲ್ಲಿ ನಡೆಯುತ್ತದೆ, ಹೊರಗಿನವರಿಗೆ ತಲೆಕೆರೆತ. ಓನ್ಲಿ ಅಂದರೆ 'ಮಾತ್ರ', 'ಬರೀ'. ನಿಮ್ಮ ವಾಕ್ಯದಲ್ಲಿ 'ಮಾತ್ರ' ಹಾಕಿ ನೋಡಿ, ಕೂರದಿದ್ದರೆ ಓನ್ಲಿ ಬೇಡ. 'ಇಲ್ಲೇ' ಅನ್ನಲು 'ರೈಟ್ ಹಿಯರ್', 'ಇವತ್ತೇ ಬಂದೆ' ಅನ್ನಲು 'ಐ ಜಸ್ಟ್ ಕೇಮ್ ಟುಡೇ'.

'ಟೂ' ಹೊಗಳಿಕೆಯ ಪದ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವಾಕ್ಯದ ಕೊನೆಗೆ ಬಂದಾಗ ಅದು ನಮ್ಮ 'ಊ', ಅಂದರೆ ನಾನೂ, ಅವನೂ. ಗುಣವಾಚಕದ ಮುಂದೆ ಬಂದರೆ ಬೇಡ ಅನ್ನುವಷ್ಟು ಜಾಸ್ತಿ. 'ದ ಫಿಶ್ ಕರಿ ವಾಸ್ ಟೂ ಸ್ಪೈಸಿ' ಅಂತ ಅತಿಥಿ ಬರೆದರೆ ಅದು ದೂರು. ನಮ್ಮ ಹೋಂಸ್ಟೇಯವರು ಅದಕ್ಕೆ 'ಥ್ಯಾಂಕ್ಯೂ, ಕಮ್ ಅಗೇನ್' ಅಂತ ಉತ್ತರ ಹಾಕಿದ್ದರು, ಪಾಪ.

ಫ್ಯೂ, ಎ ಫ್ಯೂ: ಒಂದಕ್ಷರದ ಅಂತರ. 'ಎ ಫ್ಯೂ ಪೀಪಲ್ ಕೇಮ್', ಒಂದಷ್ಟು ಜನ ಬಂದರು. 'ಫ್ಯೂ ಪೀಪಲ್ ಕೇಮ್', ಬಂದವರೇ ಕಡಿಮೆ. ಲಿಟ್ಲ್, ಎ ಲಿಟ್ಲ್ ಕೂಡ ಹೀಗೇ.

## ಹಂತ 9: ಕಿವಿ

ಕನ್ನಡದಲ್ಲಿ ನಾವು ಎರಡು ಬೇರೆ ಪದಗಳನ್ನು ಒಂದೇ 'ಆಫ್' ಅಂತ ಬರೆಯುತ್ತೇವೆ. ಒಂದು ಎಫ್ ಇರುವುದು 'ಕಪ್ ಆಫ್ ಟೀ'ಯದ್ದು, ಅದರ ಉಚ್ಚಾರ 'ಅವ್'ಗೆ ಹತ್ತಿರ, ಬೇಗ ಹೇಳುವಾಗ 'ಕಪ್ಪ ಟೀ' ಅಂತಲೇ ಕೇಳುತ್ತದೆ. ಎರಡು ಎಫ್ ಇರುವುದು ಸ್ವಿಚ್ಚಿನದ್ದು, ಅದರಲ್ಲಿ ಕೊನೆಗೆ ಗಾಳಿ ಊದಿದ ಹಾಗೆ ಎಫ್ ಸರಿಯಾಗಿ ಕೇಳುತ್ತದೆ. ಇಲ್ಲಿ ನಾನು ಕೂಡ ಎರಡಕ್ಕೂ ಒಂದೇ ರೀತಿ ಬರೆದಿದ್ದೇನೆ, ಲಿಪಿಯ ಕಷ್ಟ.

ಫೋನಿನಲ್ಲಿ ಜಾಸ್ತಿ ಮೋಸ ಮಾಡುವುದು 'ಕ್ಯಾನ್'. 'ಐ ಕ್ಯಾನ್ ಕಮ್' ಅಂತ ವೇಗವಾಗಿ ಹೇಳಿದಾಗ ಅದು ಸಣ್ಣಗಾಗಿ 'ಕನ್' ಅಂತ ಕೇಳುತ್ತದೆ. 'ಕಾಂಟ್' ಅಥವಾ ಅಮೆರಿಕದವರ 'ಕ್ಯಾಂಟ್' ಒತ್ತಿ ಬರುತ್ತದೆ, ಆದರೆ ಕೊನೆಯ 'ಟ್' ಅರ್ಧ ನುಂಗಿ ಹೋಗಿರುತ್ತದೆ. ಆದ್ದರಿಂದ 'ಟ್' ಹುಡುಕಬೇಡಿ, ಒತ್ತು ಕೇಳಿ. ಒತ್ತಿದ್ದರೆ ಬಹುಶಃ ಬರುವುದಿಲ್ಲ. ಆದರೂ ಸಂಶಯ ಬಂದರೆ 'ಸೋ ಯು ಆರ್ ಕಮಿಂಗ್?' ಅಂತ ತಿರುಗಿ ಕೇಳಿ, ನಾಚಿಕೆ ಬೇಡ.

## ಎಚ್ಚರಿಕೆಯ ಗುರುತುಗಳು

ಎಲ್ಲ ಪದವೂ ಗೊತ್ತು, ವಾಕ್ಯ ಮಾತ್ರ ಅರ್ಥವಾಗುತ್ತಿಲ್ಲ ಅನ್ನಿಸಿದರೆ ನಿಲ್ಲಿ. ಅಲ್ಲಿ ಒಂದು ಜೋಡಿ ಅಡಗಿ ಕೂತಿದೆ. ಅನುವಾದದ ಆ್ಯಪ್‌ಗೆ ಕೊಟ್ಟಾಗ ವಿಚಿತ್ರ ಕನ್ನಡ ಬಂದರೂ ಅದೇ ಗುರುತು. ವಾಕ್ಯದ ಕೊನೇ ಪದ ಅಪ್, ಆಫ್, ಔಟ್, ಡೌನ್ ಆಗಿದ್ದರೆ ಹಿಂದಕ್ಕೆ ಹೋಗಿ ಅದರ ಜೊತೆಗಾರ ಕ್ರಿಯಾಪದ ಯಾವುದು ಅಂತ ಹುಡುಕಿ, ಕೆಲವೊಮ್ಮೆ ನಾಲ್ಕು ಪದ ಆಚೆ ಇರುತ್ತದೆ. ಮತ್ತೆ, ಚಿಕ್ಕ ಪದದ ಪಕ್ಕ ದಿನ, ಗಂಟೆ ಅಥವಾ ರೂಪಾಯಿ ಇದ್ದರೆ ಎರಡು ಸಲ ಓದದೆ ಉತ್ತರ ಹಾಕಬೇಡಿ.

## ಹಂತ 10: 'ಓಕೆ' ಒತ್ತುವ ಮುಂಚೆ

ಬಂದ ಮೆಸೇಜಿನ ಅರ್ಥವನ್ನು ನಿಮ್ಮದೇ ಪದದಲ್ಲಿ, ಚಿಕ್ಕ ಪದ ಬಿಟ್ಟು, ತಾರೀಖು ಹಾಕಿ ತಿರುಗಿ ಬರೆಯಿರಿ. 'ಸೋ ಯು ವಿಲ್ ಕಮ್ ಆನ್ ಸಂಡೇ, ನಾಟ್ ಫ್ರೈಡೇ. ಕರೆಕ್ಟ್?' ಇಷ್ಟೇ. ಗೋಕರ್ಣದವರು ಈಗ ಪ್ರತಿ ಬುಕಿಂಗಿಗೂ ಹೀಗೆ ಕೇಳುತ್ತಾರೆ. ಮೊನ್ನೆ ಒಬ್ಬ ಅತಿಥಿ 'ಡಿನ್ನರ್ ಈಸ್ ಆನ್ ಅಸ್ ಟುನೈಟ್' ಅಂತ ಬರೆದಾಗ, ಊಟದ ಖರ್ಚು ನಮ್ಮದು ಅಂತ ಅದರ ಅರ್ಥ, ಇವರು ಮೊದಲು ನನಗೆ ಫೋನ್ ಮಾಡಿ ಕೇಳಿ, ಆಮೇಲೆ ಮನೆಯವರನ್ನೆಲ್ಲ ಕರೆದುಕೊಂಡು ಹೋದರು.